ಮದರಾಸು ಕಣ್ಣು ಮತ್ತು ವೈದ್ಯರ ಕೈ

ರಾಜ್ಯೋತ್ಸವದ ಸಂಚಿಕೆಗೆ ಚರಿತ್ರೆಯ ಲೇಖನವೊಂದನ್ನು ಬರೆದುಕೊಡಬೇಕೆಂದು ನಮ್ಮ ಸಂಘದ ಕಾರ್ಯದರ್ಶಿಗಳು ಕೇಳಿದಾಗ ಅವರ ಮನಸ್ಸಿನಲ್ಲಿ ಕದಂಬರೋ ಹೊಯ್ಸಳರೋ ಇದ್ದಿರಬೇಕು. ಆ ರಾಜಮನೆತನಗಳ ವಿಚಾರವಾಗಿ ಅಧಿಕಾರವಾಣಿಯಿಂದ ಬರೆಯಬಲ್ಲ ವಿದ್ವಾಂಸರು ನಮ್ಮ ಸದಸ್ಯರಲ್ಲಿಯೇ ಹಲವರಿದ್ದಾರೆ. ವಾಣಿಜ್ಯಶಾಸ್ತ್ರದ ಪದವಿಯೊಂದನ್ನು ಪಡೆದು ಬ್ಯಾಂಕಿನಲ್ಲಿ ಗುಮಾಸ್ತೆಯಾಗಿರುವ ನಾವು ಶಾಸನಗಳ ತಂಟೆಗೆ ಹೋಗದಿರುವುದೇ ಕ್ಷೇಮ. ಆದುದರಿಂದ, ನಾವೆಲ್ಲ ಅನ್ನ ಹುಡುಕಿಕೊಂಡು ಬಂದು ನೆಲೆಸಿರುವ ಈ ಚೆನ್ನೈ ನಗರದ ಹಳೆಯ ಹೆಸರನ್ನು ಹೊತ್ತುಕೊಂಡು, ಕನ್ನಡನಾಡಿನ ಹಳ್ಳಿಹಳ್ಳಿಗೂ ಹೋಗಿ ಸೇರಿರುವ ಒಂದು ಮಾತಿನ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ. ಆ ಮಾತು ‘ಮದ್ರಾಸ್ ಐ’.

ಮಕ್ಕಳ ಕಣ್ಣು ಕೆಂಪಾಗಿ, ಬೆಳಗಾಗೆದ್ದರೆ ರೆಪ್ಪೆ ಅಂಟಿಕೊಂಡು ಬಿಡಿಸಲು ಬಾರದಂತಾದಾಗ ನಮ್ಮ ಊರಿನ ಹಿರಿಯರು ‘ಕಣ್ಣು ಬೇನೆ’ ಎನ್ನುತ್ತಿದ್ದರು. ಉತ್ತರದ ಕಡೆಯವರು ‘ಕಣ್ಣು ಬಂದಾವ’ ಎನ್ನುತ್ತಾರೆ. ಪಟ್ಟಣದ ಮಾತಿನಲ್ಲಿ ಅದು ಮದ್ರಾಸ್ ಐ. ಊರಿಗೆ ಹೋದಾಗಲೆಲ್ಲ ನೆಂಟರು, ‘ನಿಮ್ಮ ಊರಿನ ಕಾಯಿಲೆ ನಮಗೂ ಬಂತಲ್ಲಪ್ಪ!’ ಎಂದು ಹಾಸ್ಯ ಮಾಡುವುದುಂಟು. ಈ ಅಪಕೀರ್ತಿ ನಮ್ಮ ನಗರಕ್ಕೆ ಹೇಗೆ ಬಂತೆಂದು ವಿಚಾರಿಸಹೊರಟ ನಮಗೆ, ಕಾಯಿಲೆಯ ಕಥೆಗಿಂತಲೂ ಮುಖ್ಯವಾದ ಇನ್ನೊಂದು ಕಥೆ ಎದುರಾಯಿತು. ಕಣ್ಣನ್ನು ಪರೀಕ್ಷೆ ಮಾಡುವ ಕೈ, ಕಣ್ಣಿಗೆ ಹಾಕುವ ಹನಿ, ಕಣ್ಣಿಗೆ ತಾಗಿಸುವ ಉಪಕರಣ, ಇವೇ ರೋಗವನ್ನು ಒಬ್ಬರಿಂದ ಒಬ್ಬರಿಗೆ ಹೇಗೆ ದಾಟಿಸುತ್ತಿದ್ದವು, ಅದನ್ನು ವೈದ್ಯರು ಎಷ್ಟು ನಿಧಾನವಾಗಿ ಅರಿತುಕೊಂಡರು ಎಂಬುದೇ ಆ ಕಥೆ.

ಇದರ ಮೊದಲನೆಯ ಅಧ್ಯಾಯ ಈಜಿಪ್ಟಿನದು. 1798ರಲ್ಲಿ ನೆಪೋಲಿಯನ್ನನ ಸೈನ್ಯವು ಅಲ್ಲಿಗೆ ಹೋಯಿತು. 1801ರಲ್ಲಿ ಅವನ ಸೈನ್ಯವನ್ನು ಹೊರದೂಡಲು ಆಂಗ್ಲರ ಸೈನ್ಯವೂ ಹೋಯಿತು. ಎರಡು ಕಡೆಯವರಿಗೂ ಒಂದೇ ಶತ್ರು ಕಾದಿತ್ತು. ಸಾವಿರಾರು ಸಿಪಾಯಿಗಳಿಗೆ ಕಣ್ಣಿನಲ್ಲಿ ಕೀವು ಸುರಿಯುವ ಉರಿಯೂತ ಬಂತು, ಅನೇಕರು ಕುರುಡರಾದರು. ಮರಳಿನ ಧೂಳು ಕಾರಣವೆಂದು ಕೆಲವರು, ರಾತ್ರಿಯ ಇಬ್ಬನಿ ಕಾರಣವೆಂದು ಇನ್ನು ಕೆಲವರು. ಆದರೆ ಸೈನ್ಯವು ಸ್ವದೇಶಕ್ಕೆ ಮರಳಿದ ಮೇಲೆ, ಮರಳೂ ಇಲ್ಲದ ಬಿಸಿಲೂ ಇಲ್ಲದ ಇಂಗ್ಲೆಂಡಿನ ಪಾಳೆಯಗಳಲ್ಲಿ ಈಜಿಪ್ಟನ್ನು ಕಣ್ಣಿನಿಂದಲೂ ಕಾಣದ ಸಿಪಾಯಿಗಳಿಗೆ ಅದೇ ರೋಗ ಅಂಟಿತು. ಜಾನ್ ವೆಚ್ ಎಂಬ ಸೈನ್ಯದ ವೈದ್ಯನು 1807ರಲ್ಲಿ ಪುಸ್ತಕವೊಂದನ್ನು ಬರೆದು, ಈ ರೋಗ ಗಾಳಿಯಿಂದ ಬರುವುದಲ್ಲ, ಒಬ್ಬನ ಕಣ್ಣಿನ ಕೀವು ಇನ್ನೊಬ್ಬನ ಕಣ್ಣಿಗೆ ತಾಗುವುದರಿಂದ ಬರುವುದು ಎಂದು ವಾದಿಸಿದನು. ಸೂಕ್ಷ್ಮಜೀವಿಗಳ ಸಿದ್ಧಾಂತ ಹುಟ್ಟಲು ಇನ್ನೂ ಅರ್ಧ ಶತಮಾನವಿದ್ದ ಕಾಲದಲ್ಲಿ ಹೇಳಿದ ಮಾತಿದು. ಬರಿಯ ಕಣ್ಣಿನಿಂದ ನೋಡಿ, ಲೆಕ್ಕ ಹಾಕಿ, ಈ ತೀರ್ಮಾನಕ್ಕೆ ಬಂದ ಆತನ ಬುದ್ಧಿಯನ್ನು ನಾವು ಮೆಚ್ಚುತ್ತೇವೆ.

ಈ ಪಿಡುಗಿನ ನೆರಳಿನಲ್ಲಿಯೇ ಲಂಡನ್ನಿನಲ್ಲಿ 1805ರಲ್ಲಿ ಕಣ್ಣಿನ ಆಸ್ಪತ್ರೆಯೊಂದು ಪ್ರಾರಂಭವಾಯಿತು. ಮುಂದೆ ಮೂರ್‌ಫೀಲ್ಡ್ಸ್ ಎಂದು ಜಗತ್ಪ್ರಸಿದ್ಧವಾದುದು ಇದೇ. ಅಲ್ಲಿ ತರಬೇತಾದ ರಾಬರ್ಟ್ ರಿಚರ್ಡ್‌ಸನ್ ಎಂಬ ವೈದ್ಯನನ್ನು ಈಸ್ಟ್ ಇಂಡಿಯಾ ಕಂಪೆನಿಯವರು ಮದರಾಸಿಗೆ ಕಳುಹಿಸಿದರು. 1819ರಲ್ಲಿ ರಾಯಪೇಟೆಯಲ್ಲಿ ಮದರಾಸು ಕಣ್ಣಿನ ಆಸ್ಪತ್ರೆ ತೆರೆಯಿತು. ಲಂಡನ್ನಿನ ಆಸ್ಪತ್ರೆಯಾದ ಹದಿನಾಲ್ಕೇ ವರ್ಷಕ್ಕೆ ನಮ್ಮ ಊರಿನಲ್ಲಿ ಇನ್ನೊಂದು! ಏಷ್ಯಾ ಖಂಡದಲ್ಲಿಯೇ ಅತ್ಯಂತ ಹಳೆಯ ಕಣ್ಣಿನ ಆಸ್ಪತ್ರೆಯೆಂದು ಇದನ್ನು ಎಣಿಸುವ ವಾಡಿಕೆಯಿದೆ. 1884ರಲ್ಲಿ ಅದು ಎಗ್ಮೋರಿಗೆ ಬಂತು. ರೈಲಿನಲ್ಲಿ ಬಂದಿಳಿದವರು ನಡೆದೇ ಹೋಗಬಹುದಾದಷ್ಟು ಹತ್ತಿರ. ಅಂದಿನ ಮಾರ್ಷಲ್ಸ್ ರಸ್ತೆ ಇಂದು ರುಕ್ಮಿಣಿ ಲಕ್ಷ್ಮೀಪತಿ ರಸ್ತೆಯಾಗಿದೆ, ಆಸ್ಪತ್ರೆ ಅಲ್ಲಿಯೇ ಇದೆ.

ಆ ಕಾಲದಲ್ಲಿ ಕಣ್ಣಿನ ವೈದ್ಯನಿಗೆ ಇದ್ದ ಪರೀಕ್ಷಾ ಸಾಧನವೆಂದರೆ ಅವನ ಬೆರಳು ಮತ್ತು ಒಂದು ಮಸೂರ. ರೆಪ್ಪೆಯನ್ನು ಬೆರಳಿನಿಂದ ಮಗುಚಿ ನೋಡುವುದು, ಮುಚ್ಚಿದ ರೆಪ್ಪೆಯ ಮೇಲೆ ಎರಡು ಬೆರಳಿಟ್ಟು ಗುಡ್ಡೆ ಎಷ್ಟು ಗಟ್ಟಿಯಾಗಿದೆಯೆಂದು ಒತ್ತಿ ತಿಳಿಯುವುದು, ಇಷ್ಟೆ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಮಹಾಶಯನು ಕಣ್ಣಿನ ಒಳಭಾಗವನ್ನು ನೋಡುವ ಆಫ್ತಾಲ್ಮೋಸ್ಕೋಪನ್ನು ಪ್ರಕಟಪಡಿಸಿದನು. ಅದು ದೂರದಿಂದ ಬೆಳಕು ಹಾಯಿಸುವ ಉಪಕರಣವಾದುದರಿಂದ ಕಣ್ಣನ್ನು ಮುಟ್ಟುತ್ತಿರಲಿಲ್ಲ. ಮುಟ್ಟಲು ಪರವಾನಗಿ ದೊರೆತದ್ದು 1884ರಲ್ಲಿ. ವಿಯೆನ್ನಾದ ತರುಣ ವೈದ್ಯ ಕಾರ್ಲ್ ಕೋಲರನು ಕೊಕೇನಿನ ಒಂದೆರಡು ಹನಿಗಳನ್ನು ಹಾಕಿದರೆ ಕಣ್ಣು ಮರಗಟ್ಟುತ್ತದೆಂದು ತೋರಿಸಿಕೊಟ್ಟನು. ಅಂದಿನಿಂದ ಕಾರ್ನಿಯಾ, ಎಂದರೆ ಕಣ್ಣಿನ ಮುಂದಿರುವ ಗಾಜಿನಂತಹ ಪದರವು, ನೋವಿಲ್ಲದೆ ಮುಟ್ಟಬಹುದಾದ ವಸ್ತುವಾಯಿತು. ನೋವಿಲ್ಲದ ಕಡೆ ಎಚ್ಚರವೂ ಕಡಿಮೆಯಾಗುವುದು ಲೋಕಸ್ವಭಾವ.

1905ರಲ್ಲಿ ನಾರ್ವೆ ದೇಶದ ಷಿಯೋಟ್ಸ್ ಎಂಬುವನು ಕಣ್ಣಿನ ಒತ್ತಡವನ್ನು ಅಳೆಯುವ ಟೋನೋಮೀಟರನ್ನು ನಿರ್ಮಿಸಿದನು. ಅದರ ರಚನೆಯನ್ನು ಸ್ವಲ್ಪ ವಿವರಿಸುವುದು ಅವಶ್ಯ. ರೋಗಿಯನ್ನು ಅಂಗಾತ ಮಲಗಿಸಿ, ಹನಿ ಹಾಕಿ, ಕಾರ್ನಿಯಾದ ಮೇಲೆ ಉಕ್ಕಿನ ಪುಟ್ಟ ಪಾದವೊಂದನ್ನು ನಿಲ್ಲಿಸುತ್ತಾರೆ. ಆ ಪಾದದ ನಡುವಿನ ಕೊಳವೆಯಲ್ಲಿ ಒಂದು ಕಡ್ಡಿ ಮೇಲೆ ಕೆಳಗೆ ಜಾರುತ್ತದೆ. ಕಡ್ಡಿಯ ತಲೆಗೆ 5.5, 7.5 ಅಥವಾ 10 ಗ್ರಾಮಿನ ತೂಕವನ್ನಿಟ್ಟರೆ ಅದು ಕಾರ್ನಿಯಾವನ್ನು ಎಷ್ಟು ತಗ್ಗಿಸುವುದೆಂಬುದನ್ನು ಮುಳ್ಳೊಂದು ತೋರಿಸುತ್ತದೆ. ಗುಡ್ಡೆ ಮೃದುವಾಗಿದ್ದರೆ ಹೆಚ್ಚು ತಗ್ಗುವುದು, ಗಟ್ಟಿಯಾಗಿದ್ದರೆ ಕಡಿಮೆ. ಗ್ಲಾಕೋಮಾ ಎಂಬ, ಸದ್ದಿಲ್ಲದೆ ದೃಷ್ಟಿಯನ್ನು ಕದಿಯುವ ರೋಗವನ್ನು ಹಿಡಿಯಲು ವೈದ್ಯರಿಗೆ ಇಂತಹದೊಂದು ನೆಚ್ಚಿನ ಅಳತೆ ಬೇಕೇ ಆಗಿತ್ತು. ಎಗ್ಮೋರಿನ ಆಸ್ಪತ್ರೆಯ ಮುಖ್ಯಸ್ಥನಾಗಿದ್ದ ಎಲಿಯಟ್ಟನು ಅದೇ ಗ್ಲಾಕೋಮಾಕ್ಕೆ 1909ರಲ್ಲಿ ಹೊಸ ಶಸ್ತ್ರಕ್ರಿಯೆಯೊಂದನ್ನು ಪ್ರಕಟಿಸಿ ಜಗತ್ತಿನ ವೈದ್ಯರ ಗಮನವನ್ನು ಮದರಾಸಿನತ್ತ ಸೆಳೆದನು. ಆದರೆ ಷಿಯೋಟ್ಸನ ಯಂತ್ರದಲ್ಲಿ ಒಂದು ಗೂಢವಾದ ತೊಂದರೆ ಇತ್ತು. ಪಾದವನ್ನು ಒರಸಬಹುದು, ಕೊಳವೆಯೊಳಗೆ ಏರಿದ ಕಣ್ಣೀರನ್ನು ಒರಸುವುದು ಹೇಗೆ? ಕಡ್ಡಿಯನ್ನು ಬಿಚ್ಚಿ, ಕೊಳವೆಗೆ ನೂಲಿನ ಕಡ್ಡಿ ಹಾಕಿ ತಿಕ್ಕಿ, ಸ್ಪಿರಿಟ್ ದೀಪದ ಜ್ವಾಲೆಯಲ್ಲಿ ಕಾಯಿಸಿ, ಆರಿಸಿ, ಮತ್ತೆ ಜೋಡಿಸಬೇಕು. ಬಾಗಿಲ ಹೊರಗೆ ನೂರು ಜನ ನಿಂತಿರುವಾಗ ಪ್ರತಿ ರೋಗಿಗೂ ಇದೆಲ್ಲವನ್ನೂ ಮಾಡುವ ತಾಳ್ಮೆ ಎಲ್ಲರಿಗೂ ಇರಲಿಲ್ಲ.

ಈಗ ಮದ್ರಾಸ್ ಐ ವಿಷಯಕ್ಕೆ ಬರೋಣ. ಬರಿಯ ಕೆಂಪಲ್ಲದೆ ಕಾರ್ನಿಯಾದ ಮೇಲೆ ಸಣ್ಣ ಸಣ್ಣ ಚುಕ್ಕೆಗಳನ್ನು ಉಳಿಸಿ ತಿಂಗಳುಗಟ್ಟಲೆ ನೋಟವನ್ನು ಮಸುಕು ಮಾಡುವ ಒಂದು ಬಗೆಯ ಕಣ್ಣು ಬೇನೆಯನ್ನು ವಿಯೆನ್ನಾದ ಫುಕ್ಸನು 1889ರಲ್ಲಿ ವರ್ಣಿಸಿದ್ದನು. 1901ರಲ್ಲಿ ಮುಂಬಯಿಯಿಂದ ಹರ್ಬರ್ಟ್ ಎಂಬ ವೈದ್ಯಾಧಿಕಾರಿ ಅದೇ ಬಗೆಯದನ್ನು ಕುರಿತು ಬರೆದನು. ಎಲಿಯಟ್ಟನ ತರುವಾಯ ಎಗ್ಮೋರಿನ ಮುಖ್ಯಸ್ಥನಾದ ಕರ್ಕ್‌ಪ್ಯಾಟ್ರಿಕ್ಕನು 1918ರ ಸುಮಾರಿಗೆ ಮದರಾಸಿನಲ್ಲಿ ಇಂತಹ ಸಾಂಕ್ರಾಮಿಕವನ್ನು ಕಂಡನೆಂದೂ, ‘ಮದ್ರಾಸ್ ಐ’ ಎಂಬ ಹೆಸರು ಅಂದಿನಿಂದ ಬಂತೆಂದೂ ಪ್ರತೀತಿಯಿದೆ. ಅವನ ಲೇಖನವು 1920ರಲ್ಲಿ ಇಂಗ್ಲೆಂಡಿನ ನೇತ್ರವೈದ್ಯ ಪತ್ರಿಕೆಯಲ್ಲಿ ಅಚ್ಚಾಯಿತು. ಅನಂತರ ಬಂದ ರೈಟ್ ಎಂಬುವನು 1930ರಲ್ಲಿ ಪುನಃ ಬರೆದನು. ಎಂದರೆ, ರೋಗ ಮದರಾಸಿನಲ್ಲಿ ಹುಟ್ಟಿತೆಂದಲ್ಲ. ಮದರಾಸಿನಲ್ಲಿ ಅದನ್ನು ಗಮನವಿಟ್ಟು ನೋಡಿ ಬರೆದಿಟ್ಟವರಿದ್ದರು. ನಮ್ಮ ಊರಿಗೆ ಬಂದ ಅಪಕೀರ್ತಿ ವಾಸ್ತವವಾಗಿ ಒಂದು ಒಳ್ಳೆಯ ಆಸ್ಪತ್ರೆಯ ಕೀರ್ತಿ! ಇಂದು ಜನರು ಎಲ್ಲ ಬಗೆಯ ಕೆಂಗಣ್ಣನ್ನೂ ಇದೇ ಹೆಸರಿನಿಂದ ಕರೆಯುತ್ತಾರೆಂಬುದು ಬೇರೆ ಮಾತು. 1971ರಲ್ಲಿ ಕಲಕತ್ತೆಯವರನ್ನು ಕಾಡಿದ, ರಕ್ತ ಮಡುಗಟ್ಟುವ ಕಣ್ಣು ಬೇನೆಗೆ ಅಲ್ಲಿಯವರು ‘ಜಯ ಬಾಂಗ್ಲಾ’ ಎಂದು ಹೆಸರಿಟ್ಟರು. ಅದು ಬೇರೆಯೇ ವೈರಸ್ಸಿನದು.

ಮದರಾಸಿನ ವೈದ್ಯರು ಹೀಗೆ ಬರೆಯುತ್ತಿದ್ದ ಕಾಲದಲ್ಲಿಯೇ ನಮ್ಮಂತೆ ಊರು ಬಿಟ್ಟು ಹೊರಟವರ ಕಣ್ಣುಗಳ ಮೇಲೆ ಇನ್ನೊಂದು ಕಡೆ ಪರೀಕ್ಷೆ ನಡೆಯುತ್ತಿತ್ತು. ನ್ಯೂಯಾರ್ಕಿನ ಬಳಿಯ ಎಲಿಸ್ ದ್ವೀಪದಲ್ಲಿ ಹಡಗಿನಿಂದಿಳಿದ ವಲಸೆಗಾರರಲ್ಲಿ ಟ್ರಕೋಮಾ ಇದ್ದವರನ್ನು ಹಿಂದಕ್ಕೆ ಕಳುಹಿಸುವುದು ಕಾನೂನಾಗಿತ್ತು. 1905ರಿಂದ ಪ್ರತಿಯೊಬ್ಬರ ರೆಪ್ಪೆಯನ್ನೂ ಮಗುಚಿ ನೋಡತೊಡಗಿದರು. ಬೆರಳು ಸಾಲದಾದಾಗ ಪಾದರಕ್ಷೆಯ ಗುಂಡಿ ಹಾಕುವ ಕೊಕ್ಕೆಯನ್ನೇ ಬಳಸುತ್ತಿದ್ದರು. ಒಬ್ಬರಾದ ಮೇಲೆ ಒಬ್ಬರು, ಸಾಲು ಮುಗಿಯುವಂತಿಲ್ಲ. ಕೈ ತೊಳೆಯಲು ಔಷಧದ ನೀರಿರಬೇಕೆಂದು ನಿಯಮವಿತ್ತು. ಆದರೆ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರೇ 1906ರಲ್ಲಿ ಆ ಜಾಗವನ್ನು ನೋಡಿಬಂದು, ವೈದ್ಯರು ಕೊಳಕು ಕೈಗಳಿಂದ, ಉಪಕರಣಗಳನ್ನು ಶುಚಿಮಾಡುವ ಗೋಜಿಗೂ ಹೋಗದೆ ಪರೀಕ್ಷಿಸುತ್ತಿದ್ದರೆಂದು ಆಕ್ಷೇಪಿಸಿ ಪತ್ರ ಬರೆದರು. ಕಣ್ಣಿನ ರೋಗವಿದೆಯೇ ಎಂದು ನೋಡುವ ಕೊಕ್ಕೆಯೇ, ಇಲ್ಲದವನಿಗೆ ಅದನ್ನು ಕೊಡಬಲ್ಲದಾಗಿತ್ತು. ಕೊಟ್ಟ ಮೇಲೆ ಅವನನ್ನು ರೋಗಿಯೆಂದು ಹಿಂದಕ್ಕಟ್ಟುವ ಅಧಿಕಾರವೂ ಅದೇ ಸಾಲಿನ ಕೊನೆಯಲ್ಲಿತ್ತು. ಅಂದಹಾಗೆ, ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಟ್ರಕೋಮಾವು ಭಾರತದಿಂದ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಘೋಷಿಸಿದೆ.

ಪರೀಕ್ಷೆಯ ಕೊಠಡಿಯೇ ರೋಗದ ತವರು ಆಗಬಹುದೆಂಬುದು ಸಂಶಯಕ್ಕೆ ಎಡೆಯಿಲ್ಲದಂತೆ ಗೊತ್ತಾದುದು ಎರಡನೆಯ ಮಹಾಯುದ್ಧದಲ್ಲಿ. 1941ರಲ್ಲಿ ಹವಾಯಿ ದ್ವೀಪದ ಪರ್ಲ್ ಹಾರ್ಬರಿನ ಹಡಗುಕಟ್ಟೆಯಲ್ಲಿ ಕೆಲಸಗಾರರಿಗೆ ಒಂದು ತೀವ್ರವಾದ ಕಣ್ಣು ಬೇನೆ ಕಾಣಿಸಿಕೊಂಡಿತು. ಮರುವರ್ಷ ಅದು ಸಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಹಡಗುಕಟ್ಟೆಗಳಿಗೆ ಹಬ್ಬಿತು. ಜನರು ಅದಕ್ಕೆ ‘ಹಡಗುಕಟ್ಟೆ ಕಣ್ಣು’ ಎಂದೇ ಹೆಸರಿಟ್ಟರು. ಯುದ್ಧನೌಕೆಗಳು ಬೇಗ ಬೇಗ ಸಿದ್ಧವಾಗಬೇಕಾಗಿದ್ದ ಸಮಯ. ಕೆಲಸಗಾರರು ವಾರಗಟ್ಟಲೆ ಮನೆಯಲ್ಲಿ ಕುಳಿತರೆ ನಡೆಯುವುದೆಂತು? ಹಡಗುಕಟ್ಟೆಯ ಕೆಲಸದಲ್ಲಿ ಕಬ್ಬಿಣದ ಚೂರು, ಬೆಸುಗೆಯ ಕಿಡಿ, ತುಕ್ಕಿನ ಧೂಳು ಕಣ್ಣಿಗೆ ಬೀಳುವುದು ನಿತ್ಯದ ಮಾತು. ಬಿದ್ದೊಡನೆ ಕೆಲಸಗಾರನು ಕಾರ್ಖಾನೆಯ ಔಷಧಾಲಯಕ್ಕೆ ಓಡುತ್ತಿದ್ದನು. ಅಲ್ಲಿ ರೆಪ್ಪೆಯನ್ನು ಮಗುಚಿ, ಹನಿ ಹಾಕಿ, ಚೂರನ್ನು ತೆಗೆದು, ಹತ್ತು ನಿಮಿಷದಲ್ಲಿ ಕೆಲಸಕ್ಕೆ ಮರಳಿ ಕಳುಹಿಸುತ್ತಿದ್ದರು. ಮುಂದಿನವನು ಬಂದು ಅದೇ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತಿದ್ದನು. ಅದೇ ಕೈ, ಅದೇ ಹನಿಯ ಸೀಸೆ. ಐದರಿಂದ ಹನ್ನೆರಡು ದಿನಗಳು ಕಳೆದ ಮೇಲೆ ಕಣ್ಣು ಕೆಂಪಾಗುತ್ತಿದ್ದುದರಿಂದ ಔಷಧಾಲಯದ ಮೇಲೆ ಯಾರಿಗೂ ಗುಮಾನಿ ಬರುವಂತಿರಲಿಲ್ಲ. ಕಣ್ಣು ಕೆಂಪಾದವನು ಮತ್ತೆ ಅಲ್ಲಿಗೇ ಬಂದು, ಚೂರು ಬಿದ್ದವನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದನು. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಆ ಔಷಧಾಲಯವು ರೋಗದ ಕ್ಲಿಯರಿಂಗ್ ಹೌಸ್ ಆಗಿತ್ತು. ಎಲ್ಲ ಶಾಖೆಗಳ ಚೆಕ್ಕುಗಳೂ ಅಲ್ಲಿಗೆ ಬಂದು, ಅಲ್ಲಿಂದ ಎಲ್ಲ ಶಾಖೆಗಳಿಗೂ ಹಂಚಿಹೋಗುತ್ತಿದ್ದವು.

ಇದರ ಮೂಲವಾದ ವೈರಸ್ಸನ್ನು ಸಾನ್‌ಫ್ರಾನ್ಸಿಸ್ಕೋದ ಯಾವೆಟ್ಸ್ ಮತ್ತು ಸಂಗಡಿಗರು 1955ರಲ್ಲಿ ಪ್ರತ್ಯೇಕಿಸಿದರು. ಅಡೆನೋವೈರಸ್ಸಿನ 8ನೆಯ ಬಗೆ ಎಂದು ಅದಕ್ಕೆ ಹೆಸರು. ಇದರ ಗುಣವನ್ನು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಒಣಗಿದ ಲೋಹದ ಮೇಲೆ, ಪ್ಲಾಸ್ಟಿಕ್ಕಿನ ಮೇಲೆ ವಾರಗಟ್ಟಲೆ ಜೀವ ಹಿಡಿದುಕೊಂಡಿರಬಲ್ಲದು. ಸ್ಪಿರಿಟ್ಟಿನಲ್ಲಿ ಒಮ್ಮೆ ಒರಸಿದ ಮಾತ್ರಕ್ಕೆ ಸಾಯುವ ಜಾತಿಯಲ್ಲ. ಖಾಸಗಿ ವೈದ್ಯರೊಬ್ಬರ ಕೊಠಡಿಯಿಂದಲೇ ಹೊರಟ ಇಂತಹ ಸಾಂಕ್ರಾಮಿಕವೊಂದನ್ನು ಅಮೆರಿಕದ ಸಂಶೋಧಕರಿಬ್ಬರು ಬೆನ್ನಟ್ಟಿ 1963ರಲ್ಲಿ ವರದಿ ಮಾಡಿದರು. ಅಂತಹ ವರದಿಗಳು ಅದಕ್ಕೆ ಮೊದಲೂ ಬಂದಿದ್ದವು, ಅನಂತರವೂ ಬಂದಿವೆ.

ಉಪಕರಣಕ್ಕಿಂತಲೂ ಮೋಸದ ವಸ್ತು ಹನಿಯ ಸೀಸೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಜರ್ಮನ್ ರಸಾಯನಶಾಸ್ತ್ರಜ್ಞ ಬೇಯರನು 1871ರಲ್ಲಿ ಫ್ಲೋರೆಸೀನ್ ಎಂಬ ಬಣ್ಣವನ್ನು ತಯಾರಿಸಿದನು. ಕಣ್ಣಿಗೆ ಒಂದು ಹನಿ ಹಾಕಿದರೆ, ಕಾರ್ನಿಯಾದಲ್ಲಿ ಗೀರು ಬಿದ್ದಿರುವ ಕಡೆ ಮಾತ್ರ ಅದು ಹಸಿರಾಗಿ ಹೊಳೆಯುತ್ತದೆ. ಗಾಯವನ್ನು ಹುಡುಕಲು ಇದಕ್ಕಿಂತ ಸೊಗಸಾದ ಉಪಾಯವಿಲ್ಲ. ಹಾಗಾಗಿ ಪ್ರತಿಯೊಬ್ಬ ಕಣ್ಣಿನ ವೈದ್ಯನ ಮೇಜಿನ ಮೇಲೂ ಕಿತ್ತಳೆ ಬಣ್ಣದ ಈ ದ್ರಾವಣದ ಸೀಸೆ ತಿಂಗಳುಗಟ್ಟಲೆ ಇರುತ್ತಿತ್ತು. ಆದರೆ ಸ್ಯೂಡೋಮೋನಾಸ್ ಎಂಬ ಬ್ಯಾಕ್ಟೀರಿಯಕ್ಕೆ ಈ ದ್ರಾವಣವು ಹಿತವಾದ ಮನೆ. ದ್ರಾವಣ ಕೆಡದಿರಲೆಂದು ಸೇರಿಸುವ ಔಷಧಗಳೂ ಅದರಲ್ಲಿ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಈ ಬ್ಯಾಕ್ಟೀರಿಯವು ಗಾಯವಿಲ್ಲದ ಕಾರ್ನಿಯಾಕ್ಕೆ ಅಷ್ಟಾಗಿ ಹತ್ತದು, ಗೀರು ಬಿದ್ದಿದ್ದರೆ ಮಾತ್ರ ಒಂದೆರಡು ದಿನಗಳಲ್ಲಿಯೇ ಕಣ್ಣನ್ನು ಕರಗಿಸಿಬಿಡಬಲ್ಲದು. ಈ ಬಣ್ಣವನ್ನು ಹಾಕುತ್ತಿದ್ದುದೋ, ಗೀರು ಬಿದ್ದಿರಬಹುದೆಂಬ ಅನುಮಾನವಿದ್ದ ಕಣ್ಣುಗಳಿಗೇ! ಗಾಯವನ್ನು ತೋರಿಸಲೆಂದು ಬಂದವನ ಗಾಯದೊಳಕ್ಕೆ ವಿಷವನ್ನು ಬಿಟ್ಟಂತಾಗುತ್ತಿತ್ತು. ಒಳ್ಳೆಯ ವೈದ್ಯರ ಕೈಯಲ್ಲಿ, ಒಳ್ಳೆಯ ಉದ್ದೇಶದಿಂದ, ಎಷ್ಟು ಕಣ್ಣುಗಳು ಹೀಗೆ ಹೋದವೋ.

ಇದಕ್ಕೆ ದೊರೆತ ಪರಿಹಾರವು ಅತ್ಯಂತ ಅಗ್ಗದ್ದು. ಸಾನ್‌ಫ್ರಾನ್ಸಿಸ್ಕೋದ ಕಿಮುರಾ ಎಂಬ ವೈದ್ಯನು 1951ರಲ್ಲಿ ಸೋಸುಕಾಗದದ ಸಣ್ಣ ಪಟ್ಟಿಗಳನ್ನು ಫ್ಲೋರೆಸೀನಿನಲ್ಲಿ ಅದ್ದಿ, ಒಣಗಿಸಿ, ಕ್ರಿಮಿರಹಿತವಾಗಿ ಮಾಡಿಟ್ಟುಕೊಳ್ಳಬಹುದೆಂದು ಸೂಚಿಸಿದನು. ಒಣಗಿದ ಕಾಗದದಲ್ಲಿ ಬ್ಯಾಕ್ಟೀರಿಯ ಬೆಳೆಯಲಾರದು. ಒಬ್ಬ ರೋಗಿಗೆ ಒಂದು ಪಟ್ಟಿ, ತೇವ ಮಾಡಿ ರೆಪ್ಪೆಯ ಒಳಗೆ ತಾಗಿಸಿ ಎಸೆದುಬಿಡುವುದು. ದ್ರಾವಣದ ಅಪಾಯವನ್ನು ಕುರಿತು ವಾನ್ ಎಂಬ ವೈದ್ಯನು 1955ರಲ್ಲಿ ಬರೆದ ಮೇಲೆ ಸೀಸೆಗಳು ಮೇಜಿನಿಂದ ಒಂದೊಂದಾಗಿ ಇಳಿಯತೊಡಗಿದವು. ಇಂದು ನಾವು ಆಸ್ಪತ್ರೆಗೆ ಹೋದಾಗ ವೈದ್ಯರು ಸಣ್ಣ ಲಕೋಟೆಯನ್ನು ಹರಿದು ತೆಗೆಯುವ ಕಿತ್ತಳೆ ತುದಿಯ ಕಾಗದದ ಪಟ್ಟಿ ಅದೇ. ದೊಡ್ಡ ದೊಡ್ಡ ಯಂತ್ರಗಳಿಗೆ ದೊರೆಯುವ ಹೊಗಳಿಕೆಯಲ್ಲಿ ಒಂದು ಪಾಲು ಈ ಕಾಗದದ ಚೂರಿಗೂ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ಸೀಸೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. 2023ರಲ್ಲಿ ಅಮೆರಿಕದಲ್ಲಿ, ಔಷಧಿಗಳಿಗೆ ಬಗ್ಗದ ಸ್ಯೂಡೋಮೋನಾಸ್ ಸೋಂಕಿನ ಸಾಂಕ್ರಾಮಿಕವೊಂದು ಕೃತಕ ಕಣ್ಣೀರಿನ ಹನಿಗಳಿಂದ ಹಬ್ಬಿತೆಂದು ಗೊತ್ತಾಯಿತು. 18 ರಾಜ್ಯಗಳಲ್ಲಿ 81 ಜನರಿಗೆ ಸೋಂಕು ತಗುಲಿ, 14 ಜನರು ದೃಷ್ಟಿ ಕಳೆದುಕೊಂಡರು. ನಾಲ್ವರ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯಿತು, ನಾಲ್ವರು ಮೃತರಾದರು. ಆ ಹನಿಗಳು ತಯಾರಾದುದು ನಮ್ಮ ಈ ನಗರದ ಆಸುಪಾಸಿನಲ್ಲಿಯೇ ಎಂಬುದನ್ನು ಪತ್ರಿಕೆಗಳಲ್ಲಿ ಓದಿದಾಗ ನಮಗೆ ಆದ ಖೇದ ಅಷ್ಟಿಷ್ಟಲ್ಲ.

ನಮ್ಮ ಮನೆಯ ಮಾತೊಂದನ್ನು ಇಲ್ಲಿ ಹೇಳದೆ ಮುಂದಕ್ಕೆ ಹೋಗಲಾರೆವು. ಊರಿನಲ್ಲಿ ಒಬ್ಬರೇ ಇದ್ದ ನಮ್ಮ ತಂದೆಯವರನ್ನು ಕೆಲವು ವರ್ಷಗಳ ಹಿಂದೆ ಇಲ್ಲಿಗೆ ಕರೆದುಕೊಂಡು ಬಂದೆವು. ಅವರಿಗೆ ಗ್ಲಾಕೋಮಾ ಇರುವುದು ತಿಳಿದು, ಮೂರು ತಿಂಗಳಿಗೊಮ್ಮೆ ಒತ್ತಡವನ್ನು ಅಳೆಸಬೇಕಾಯಿತು. ಬಡಾವಣೆಯ ಒಂದು ಚಿಕಿತ್ಸಾಲಯದಲ್ಲಿ, ಅದರ ಹೆಸರು ಇಲ್ಲಿ ಬೇಡ, ಬೆಂಚಿನ ಮೇಲೆ ಎಂಟು ಹತ್ತು ಜನ ಹಿರಿಯರನ್ನು ಸಾಲಾಗಿ ಕೂರಿಸಿ, ಸಹಾಯಕನೊಬ್ಬನು ಒಂದೇ ಸೀಸೆಯಿಂದ ಎಲ್ಲರಿಗೂ ಹನಿ ಹಾಕುತ್ತ ಹೋದನು. ಸೀಸೆಯ ಮೂತಿ ಒಬ್ಬರ ರೆಪ್ಪೆಗೂದಲಿಗೆ ತಾಗುತ್ತಿದ್ದುದು ನಮಗೆ ಸ್ಪಷ್ಟವಾಗಿ ಕಂಡಿತು. ಕೇಳಿದುದಕ್ಕೆ, ‘ದಿನಾಲೂ ಹೀಗೇ ಹಾಕೋದು ಸಾರ್’ ಎಂಬ ಉತ್ತರ ಬಂತು. ಎಂಟು ದಿನಗಳ ಮೇಲೆ ತಂದೆಯವರ ಎರಡು ಕಣ್ಣುಗಳೂ ಕೆಂಡದಂತಾದವು. ಆಮೇಲೆ ನಮ್ಮ ಮನೆಯವರಿಗೆ, ಮಕ್ಕಳಿಗೆ, ಕೊನೆಗೆ ನಮಗೆ. ಬೇನೆ ಹೋಯಿತು, ಆದರೆ ತಂದೆಯವರ ಮನಸ್ಸಿನ ಹೆದರಿಕೆ ಹೋಗಲಿಲ್ಲ. ‘ಇರೋ ಕಣ್ಣನ್ನ ಅಲ್ಲಿಗೆ ಹೋಗಿ ಕಳಕೊಂಡು ಬರಲಾ? ಬಿಡಪ್ಪ’ ಎಂದು ಹಟ ಹಿಡಿದು ಹದಿನಾಲ್ಕು ತಿಂಗಳು ಪರೀಕ್ಷೆಗೇ ಬರಲಿಲ್ಲ. ಬೇರೊಂದು ಕಡೆ ಬಲವಂತದಿಂದ ತೋರಿಸುವ ಹೊತ್ತಿಗೆ ಎಡಗಣ್ಣಿನ ಪಕ್ಕದ ನೋಟ ಕಿರಿದಾಗಿತ್ತು. ಗ್ಲಾಕೋಮಾದಲ್ಲಿ ಹೋದ ನೋಟ ಮರಳಿ ಬರುವುದಿಲ್ಲ. ಆ ಸೀಸೆಯೇ ಕಾರಣವೆಂದು ನ್ಯಾಯಾಲಯದಲ್ಲಿ ಸಾಧಿಸಲು ನಮ್ಮಿಂದಾಗದು. ಆದರೆ ಕೊಳಕು ಸೀಸೆಯಿಂದ ಆಗುವ ನಷ್ಟದ ಲೆಕ್ಕದಲ್ಲಿ ಕೆಂಗಣ್ಣೊಂದನ್ನೇ ಬರೆದರೆ ಸಾಲದೆಂಬುದು ಈ ಅನುಭವದಿಂದ ನಮಗೆ ಮನದಟ್ಟಾಗಿದೆ. ಹೆದರಿ ಪರೀಕ್ಷೆಯನ್ನೇ ಬಿಟ್ಟವರ ಕಣ್ಣುಗಳೂ ಆ ಖಾತೆಗೇ ಸೇರಬೇಕು.

ಟೋನೋಮೀಟರಿನ ಮುಂದಿನ ಚರಿತ್ರೆಯನ್ನು ಚುಟುಕಾಗಿ ಹೇಳುತ್ತೇವೆ. ಸ್ವಿಟ್ಜರ್ಲೆಂಡಿನ ಗೋಲ್ಡ್‌ಮನ್ನನು 1950ರ ದಶಕದಲ್ಲಿ ಹೊಸ ಬಗೆಯದೊಂದನ್ನು ರೂಪಿಸಿದನು. ಗಲ್ಲವನ್ನು ಊರಿ ಹಣೆಯನ್ನು ಒತ್ತಿ ಕುಳಿತಾಗ ನೀಲಿ ಬೆಳಕಿನೊಡನೆ ಹತ್ತಿರ ಬರುವ ಸಣ್ಣ ಪ್ರಿಸಮ್ಮು ಅದೇ. 3.06 ಮಿಲಿಮೀಟರ್ ವ್ಯಾಸದಷ್ಟು ಕಾರ್ನಿಯಾವನ್ನು ಚಪ್ಪಟೆ ಮಾಡಲು ಎಷ್ಟು ಬಲ ಬೇಕೆಂಬುದರಿಂದ ಅದು ಒತ್ತಡವನ್ನು ಅಳೆಯುತ್ತದೆ. ಕೊಳವೆಯಿಲ್ಲ, ಕಡ್ಡಿಯಿಲ್ಲ, ಶುಚಿಮಾಡುವುದು ಸುಲಭ. ಸುಲಭವಾದುದರಿಂದಲೇ ಸುಮ್ಮನೆ ಒರಸಿ ಮುಂದಿನವರಿಗೆ ತಾಗಿಸುವ ಅಭ್ಯಾಸವೂ ಬೆಳೆಯಿತು. 1972ರಲ್ಲಿ ಕಣ್ಣನ್ನು ಮುಟ್ಟದೆ ಗಾಳಿಯನ್ನು ಊದಿ ಅಳೆಯುವ ಯಂತ್ರವೂ ಬಂತು, ಆದರೂ ಗೋಲ್ಡ್‌ಮನ್ನನದೇ ಇಂದಿಗೂ ಪ್ರಮಾಣವೆನಿಸಿದೆ.

ವೈದ್ಯಲೋಕವನ್ನು ನಿಜವಾಗಿ ಬೆಚ್ಚಿಬೀಳಿಸಿದುದು ಏಡ್ಸ್. 1985ರಲ್ಲಿ ಏಡ್ಸ್ ರೋಗಿಯ ಕಣ್ಣೀರಿನಲ್ಲಿ ಅದರ ವೈರಸ್ ಇರುವುದು ಪತ್ತೆಯಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದ ಸರ್ಕಾರದ ರೋಗನಿಯಂತ್ರಣ ಕೇಂದ್ರವು ನಿಯಮಗಳನ್ನು ಹೊರಡಿಸಿತು: ಕಣ್ಣನ್ನು ಮುಟ್ಟುವ ಉಪಕರಣವನ್ನು ಒರಸಿ, 3 ಪ್ರತಿಶತ ಹೈಡ್ರೋಜನ್ ಪೆರಾಕ್ಸೈಡಿನಲ್ಲಾಗಲಿ, ಹತ್ತರಲ್ಲೊಂದರಂತೆ ನೀರು ಬೆರೆಸಿದ ಬ್ಲೀಚಿನಲ್ಲಾಗಲಿ, 70 ಪ್ರತಿಶತ ಆಲ್ಕೊಹಾಲಿನಲ್ಲಾಗಲಿ ಐದರಿಂದ ಹತ್ತು ನಿಮಿಷ ನೆನೆಸಬೇಕು, ಅನಂತರ ಹರಿಯುವ ನೀರಿನಲ್ಲಿ ತೊಳೆದು ಒಣಗಿಸಬೇಕು. ಕಣ್ಣೀರಿನಿಂದ ಏಡ್ಸ್ ಹರಡಿದ ಉದಾಹರಣೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಆದರೂ ಇಲ್ಲದ ಅಪಾಯದ ಭಯವು, ಇದ್ದ ಅಪಾಯದಿಂದ ಎಷ್ಟೋ ಕಣ್ಣುಗಳನ್ನು ಕಾಪಾಡಿತು! ತೊಳೆಯುವುದನ್ನು ಮರೆತರೆ ಬ್ಲೀಚಿನ ಶೇಷವೇ ಕಾರ್ನಿಯಾವನ್ನು ಸುಡಬಲ್ಲದು, ಅತಿಯಾಗಿ ನೆನೆಸಿದರೆ ಪ್ರಿಸಮ್ಮಿನಲ್ಲಿ ಬಿರುಕು ಬಿಟ್ಟು ಅಲ್ಲಿ ಕೊಳೆ ಸೇರಬಲ್ಲದು. ಈ ಮೂರು ದ್ರವಗಳಲ್ಲಿ ಅಡೆನೋವೈರಸ್ಸಿಗೂ ಸರ್ಪಸುತ್ತಿನ ಬಳಗದ ಹರ್ಪಿಸ್ ವೈರಸ್ಸಿಗೂ ಒಟ್ಟಿಗೆ ನೆಚ್ಚಬಹುದಾದುದು ಬ್ಲೀಚೇ ಎಂದು ಅಮೆರಿಕದ ನೇತ್ರವೈದ್ಯರ ಅಕಾಡೆಮಿಯು 2017ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ ಹೇಳಿತು. ಹಲವು ಕಡೆ ಈಗ ಒಬ್ಬರಿಗೊಂದರಂತೆ ಬಳಸಿ ಬಿಸಾಡುವ ತುದಿಗಳೂ ಬಂದಿವೆ.

ನಮ್ಮ ಕನ್ನಡನಾಡಿನ ಮಾತನ್ನೂ ಆಡಬೇಕಷ್ಟೆ. ಬೆಂಗಳೂರಿನಲ್ಲಿ 1896ರಲ್ಲಿ ಸಣ್ಣ ಔಷಧಾಲಯವಾಗಿ ಆರಂಭವಾದುದೇ 1913ರಲ್ಲಿ ಮಿಂಟೋ ಕಣ್ಣಾಸ್ಪತ್ರೆಯೆಂಬ ಭವ್ಯ ಕಟ್ಟಡವನ್ನು ಪಡೆಯಿತು. ಬಿಜಾಪುರದ ಸೀಮೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ॥ ಎಂ. ಸಿ. ಮೋದಿಯವರ ಹೆಸರನ್ನು ಅರಿಯದ ಕನ್ನಡಿಗರುಂಟೆ? ಊರೂರಿಗೆ ಹೋಗಿ ಶಾಲೆ, ಛತ್ರಗಳಲ್ಲಿ ಶಿಬಿರ ಹೂಡಿ ಬಡವರ ಕಣ್ಣಿನ ಪೊರೆಯನ್ನು ಉಚಿತವಾಗಿ ತೆಗೆದ ಪುಣ್ಯಾತ್ಮರು ಅವರು. ಒಂದೇ ದಿನ 833 ಶಸ್ತ್ರಕ್ರಿಯೆಗಳನ್ನು ಮಾಡಿದರೆಂಬುದು ಗಿನ್ನೆಸ್ ದಾಖಲೆ. ನಮ್ಮ ಅಜ್ಜಿಯಂಥವರಿಗೆ ಅವರು ದೇವರ ಸಮಾನ. ಆಸ್ಪತ್ರೆಯಿಲ್ಲದ ಕಾಲಕ್ಕೆ ಶಿಬಿರವೇ ಆಸ್ಪತ್ರೆಯಾಗಬೇಕಿತ್ತು. ಆದರೆ ತಾತ್ಕಾಲಿಕ ಕೊಠಡಿಗಳಲ್ಲಿ ಸೋಂಕನ್ನು ತಡೆಯುವುದು ಕಷ್ಟವೆಂದು, ತೊಂಬತ್ತರ ದಶಕದಿಂದೀಚೆಗೆ ದೇಶದ ಅಂಧತ್ವ ನಿವಾರಣಾ ಕಾರ್ಯಕ್ರಮವು ದಾರಿಯನ್ನು ಬದಲಿಸಿತು. ಪರೀಕ್ಷೆ ಮಾತ್ರ ಹಳ್ಳಿಯಲ್ಲಿ, ಶಸ್ತ್ರಕ್ರಿಯೆ ಆಸ್ಪತ್ರೆಯಲ್ಲಿ. ಈ ಬದಲಾವಣೆಯನ್ನು ನಾವು ಸ್ವಾಗತಿಸುತ್ತೇವೆ. ಹಳಬರ ಸೇವೆಗೆ ಇದರಿಂದ ಯಾವ ಕುಂದೂ ಇಲ್ಲ.

ಕಣ್ಣಿನ ಪರೀಕ್ಷೆಯಲ್ಲಿ ವೈದ್ಯರಿಗೂ ಅಪಾಯವಿಲ್ಲದಿಲ್ಲ. ಪರೀಕ್ಷಿಸುವಾಗ ಇಬ್ಬರ ಮುಖಗಳೂ ಒಂದು ಗೇಣಿನ ಅಂತರಕ್ಕೆ ಬರುತ್ತವೆ. ಹೊಸ ರೋಗವೊಂದು ಬಂದಿದೆಯೆಂದು ಮೊದಲು ಎಚ್ಚರಿಸಿದ ವೂಹಾನಿನ ಲಿ ವೆನ್‌ಲಿಯಾಂಗ್ ನೇತ್ರವೈದ್ಯರು. ರೋಗಲಕ್ಷಣವೇ ಇಲ್ಲದ ಗ್ಲಾಕೋಮಾ ರೋಗಿಯೊಬ್ಬರಿಂದ ಕೋವಿಡ್ ತಗುಲಿರಬೇಕೆಂದು ಅವರೇ ನಂಬಿದ್ದರು. 2020ರ ಫೆಬ್ರವರಿ 7ರಂದು ತೀರಿಕೊಂಡಾಗ ಅವರಿಗೆ 33 ವರ್ಷ. ಪರೀಕ್ಷಾ ಯಂತ್ರಗಳ ಮೇಲೆ ಇಂದು ಕಾಣುವ ಪಾರದರ್ಶಕ ತಡೆಹಲಗೆಗಳು ಎಲ್ಲೆಡೆ ವ್ಯಾಪಕವಾದುದು ಅಂದಿನಿಂದ.

2023ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ದೇಶದ ಉದ್ದಗಲಕ್ಕೂ ಕೆಂಗಣ್ಣು ಹಬ್ಬಿದಾಗ ನಮ್ಮ ಶಾಖೆಯಲ್ಲಿಯೂ ಅರ್ಧಕ್ಕರ್ಧ ಜನ ರಜೆ ಹಾಕಿದ್ದರು. ಉಳಿದವರು ಕಪ್ಪು ಕನ್ನಡಕ ಧರಿಸಿ, ರೋಗಿಯ ಕಣ್ಣನ್ನು ನೋಡಿದರೆ ಬೇನೆ ಬರುತ್ತದೆಂದು ತಲೆ ತಗ್ಗಿಸಿ ಮಾತನಾಡುತ್ತಿದ್ದರು. ನೋಡಿದರೆ ಬರುವುದಿಲ್ಲ. ನೋಟು ಎಣಿಸಲು ಎಲ್ಲರೂ ಬೆರಳದ್ದುತ್ತಿದ್ದ ಸ್ಪಂಜಿನ ಬಟ್ಟಲನ್ನು ಮಾತ್ರ ಯಾರೂ ಅನುಮಾನಿಸಿರಲಿಲ್ಲ. ಅದನ್ನು ಎತ್ತಿಸಿ ಒಬ್ಬೊಬ್ಬರಿಗೆ ಒಂದೊಂದನ್ನು ಕೊಡಿಸಲು ನಾವು ಮ್ಯಾನೇಜರರ ಬಳಿ ಎರಡು ಸಲ ಹೋಗಬೇಕಾಯಿತು. ತಂದೆಯವರು ಈಗ ಪರೀಕ್ಷೆಗೆ ಹೋಗುವ ಆಸ್ಪತ್ರೆಯಲ್ಲಿ ಕೆಂಗಣ್ಣಿನವರಿಗೆ ಬೇರೆ ಬಾಗಿಲು, ಬೇರೆ ಕುರ್ಚಿ. ಗಲ್ಲವೂರುವ ಕಡೆ ಪ್ರತಿಯೊಬ್ಬರಿಗೂ ಹೊಸ ಕಾಗದ. ವೈದ್ಯೆ ಕೈ ತೊಳೆದು ಬಂದು, ದ್ರಾವಣದಿಂದ ಪ್ರಿಸಮ್ಮನ್ನು ತೆಗೆದು ನೀರಿನಲ್ಲಿ ತೊಳೆದು ಒರಸುವ ತನಕ ತಂದೆಯವರು ರೆಪ್ಪೆ ಮಿಟುಕಿಸದೆ ನೋಡುತ್ತಾರೆ, ಆಮೇಲೆಯೇ ಗಲ್ಲವನ್ನು ಊರುತ್ತಾರೆ. ಮೊದಮೊದಲು ಇದರಿಂದ ನಮಗೆ ಸಂಕೋಚವಾಗುತ್ತಿತ್ತು. ಆ ತಾಯಿ ಮಾತ್ರ ನಕ್ಕು, ‘ನೋಡಲಿ ಬಿಡಿ, ಎಲ್ಲರೂ ಹೀಗೆ ನೋಡಿದರೆ ನಮಗೂ ಒಳ್ಳೆಯದೇ’ ಎಂದರು.

ಕೊನೆಗೊಂದು ಮಾತು ಆ ಹೆಸರಿನ ವಿಷಯವಾಗಿ. 1996ರಲ್ಲಿ ಮದರಾಸು ಚೆನ್ನೈ ಆಯಿತು. ಅಂಗಡಿಯ ಹಲಗೆಗಳಲ್ಲಿ, ನಮ್ಮ ಬ್ಯಾಂಕಿನ ಡ್ರಾಫ್ಟುಗಳಲ್ಲಿ, ರೈಲಿನ ಟಿಕೀಟುಗಳಲ್ಲಿ ಹೆಸರು ಬದಲಾಯಿತು. ಕಣ್ಣು ಬೇನೆಯನ್ನು ‘ಚೆನ್ನೈ ಐ’ ಎಂದು ಕರೆದವರನ್ನು ನಾವು ಇದುವರೆಗೆ ಕಂಡಿಲ್ಲ.